ಹೊಸ ಮಾತು, ಹಳೆಯ ಯಂತ್ರ

ನಾವು ಪುಣೆಯ ಒಂದು ಸರ್ಕಾರಿ ಕಚೇರಿಯ ಗುಮಾಸ್ತರು, ಓದಿದ್ದು ಬಿ.ಎ. ಮಾತ್ರ. ಆದರೂ ಪಿಂಚಣಿದಾರರ ತುಟ್ಟಿಭತ್ಯೆಯ ಬಾಕಿಯನ್ನು ಕೈಯಲ್ಲೇ ಕೂಡಿ ಕೂಡಿ ಬೇಸತ್ತು, ರಾತ್ರಿಯ ಊಟವಾದ ಮೇಲೆ ಕುಳಿತು ಜಾವಾಸ್ಕ್ರಿಪ್ಟ್ ಕಲಿತೆವು. 2019ರಲ್ಲಿ, ಆ ಲೆಕ್ಕವನ್ನು ಕ್ಷಣಾರ್ಧದಲ್ಲಿ ತೋರಿಸುವ ಪುಟವೊಂದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಬರೆದೂ ಬಿಟ್ಟೆವು. ತಲೆಗೆ ಕೋಡು ಮೂಡುವುದೊಂದೇ ಬಾಕಿ.

ಮರುದಿನ ಕಚೇರಿಯಲ್ಲಿ ತೆರೆದರೆ ಬರಿಯ ಬಿಳಿಯ ಪುಟ! ಅಲ್ಲಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರ್ 11. ಎದುರಿಗೆ ಊರುಗೋಲು ಹಿಡಿದ ಮುದುಕರೊಬ್ಬರು. ಮತ್ತೊಮ್ಮೆ ಬರಬೇಕೆಂದೆವು. ಅದು ಅವರ ಮೂರನೆಯ ಅಲೆದಾಟ; ಮಾತಾಡದೆ ಎದ್ದು ಹೋದರು. ಆ ರಾತ್ರಿ ನಮಗೆ ಅನ್ನ ಸೇರಲಿಲ್ಲ.

ಅಕ್ಕನ ಮಗ ಆಗ ಎಂಜಿನಿಯರಿಂಗ್ ಓದುತ್ತಿದ್ದ. ನೋಡಿ ನಕ್ಕ: “ಮಾಮಾ, ಲೆಕ್ಕ ಸರಿ ಅದ. ನೀವು ಬರದದ್ದು ಹೊಸ ಮಾತು, ಓದಾಂವ ಹಳಬ.” ಆ ಬ್ರೌಸರ್ ಬಂದದ್ದು 2013ರಲ್ಲಿ, ನಾವು ಬಳಸಿದ ಬಾಣದ ಗುರುತು ಭಾಷೆಯ ನಿಯಮಕ್ಕೆ ಸೇರಿದ್ದು 2015ರಲ್ಲಿ. ಅರಿಯದ ಗುರುತು ಒಂದೇ ಒಂದು ಕಂಡರೂ ಸಾಕು, ಅದು ಇಡೀ ಕಡತವನ್ನೇ ಬದಿಗಿಡುತ್ತದಂತೆ. ಇಂಥ ಮೇಲಧಿಕಾರಿಗಳನ್ನು ವಾಚಕರೂ ಕಂಡಿರಬಹುದು.

ಇದರ ಮದ್ದು ಬೇಬೆಲ್. ಸೆಬಾಸ್ಟಿಯನ್ ಮೆಕೆಂಜಿ ಎಂಬ ತರುಣ 2014ರಲ್ಲಿ ಆರಂಭಿಸಿದ್ದು. ಅದು ಹೊಸ ವಾಕ್ಯವನ್ನು ಬಿಡಿಸಿ, ಅದೇ ಅರ್ಥದ ಹಳೆಯ ವಾಕ್ಯವಾಗಿ ಮತ್ತೆ ಕಟ್ಟುತ್ತದೆ: ಬಾಣವಿದ್ದಲ್ಲಿ ‘ಫಂಕ್ಷನ್’, ‘ಕಾನ್ಸ್ಟ್’ ಇದ್ದಲ್ಲಿ ‘ವಾರ್’. ನಾವು ಬರೆದ ಮೂಲ ಹಾಗೆಯೇ ಉಳಿಯುತ್ತದೆ. ಹಳಬನ ಕೈಗೆ ಹೋಗುವುದು ಅದರ ಅನುವಾದ.

ಪುಟವೇನೋ ತೆರೆಯಿತು, ಗುಂಡಿ ಒತ್ತಿದೊಡನೆ ಮತ್ತೆ ನಿಂತಿತು. ಪಟ್ಟಿಯಲ್ಲಿ ಒಂದು ಹೆಸರು ಇದೆಯೋ ಇಲ್ಲವೋ ಎಂದು ಕೇಳುವ ‘ಇನ್‌ಕ್ಲೂಡ್ಸ್’ 2016ರದು. ಅದರ ವಾಕ್ಯರಚನೆ ಹಳೆಯ ರೀತಿಯದೇ, ತಿರುಗಿಸಲು ಏನೂ ಇಲ್ಲ. ಆದರೆ ಆ ಕೆಲಸ ಮಾಡುವ ಸಾಧನವೇ ಹಳೆಯ ಬ್ರೌಸರಿನಲ್ಲಿಲ್ಲ. “ಮಾತು ತಿರುಗಿಸಿದರ ಸಾಲೂದಿಲ್ಲ ಮಾಮಾ, ಬುತ್ತೀನೂ ಕಟ್ಟಬೇಕು” ಎಂದು ಹುಡುಗ ಪಾಲಿಫಿಲ್ ಎಂಬ ತುಣುಕೊಂದನ್ನು ಜೊತೆಗೆ ಸೇರಿಸಿದ.

ಮರುವಾರ ಮುದುಕರು ಬಂದರು. ಮೊತ್ತವನ್ನು ಎರಡು ಸಲ ಓದಿ, ಚೀಟಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡರು.

2022ರ ಜೂನಿನಲ್ಲಿ ಆ ಬ್ರೌಸರಿಗೂ ನಿವೃತ್ತಿಯಾಯಿತು. ಪಾಠ ಮಾತ್ರ ನಮ್ಮಲ್ಲಿ ಉಳಿದಿದೆ. ಮಕ್ಕಳ ಮರಾಠಿ ಬೆರೆತ ಕನ್ನಡ ತಿಳಿಯದೆ ಅವ್ವ ಸುಮ್ಮನೆ ಕುಳಿತಾಗ, “ಇಷ್ಟೂ ತಿಳಿಯೂದಿಲ್ಲೇನ?” ಎಂದು ಹಿಂದೆ ನಾವೇ ಗದರುತ್ತಿದ್ದೆವು. ಈಗ ನಡುವೆ ಕುಳಿತು ಬಿಡಿಸಿ ಹೇಳುತ್ತೇವೆ. ಅವಳು ಕಂಡರಿಯದ ಸಂಗತಿಯಾದರೆ ಬುತ್ತಿಯನ್ನೂ ಕಟ್ಟಿ ಕೊಡುತ್ತೇವೆ.