ಒಡೆದ ಬಳೆಗಳ ಊರು

ಚಂಡೀಗಢದಲ್ಲಿ ದಾರಿ ತಪ್ಪೋದು ಕಷ್ಟ. ಸೆಕ್ಟರ್ ನಂಬರ್ ಹೇಳಿದರೆ ಸಾಕು, ಆಟೊದವರು ಮರುಮಾತಿಲ್ಲದೆ ತಂದು ಬಿಡ್ತಾರೆ. ನೇರ ರಸ್ತೆ, ಸಾಲುಮರ, ಅಳತೆ ಹಾಕಿ ಕಟ್ಟಿದ ಸರ್ಕಾರಿ ಕಟ್ಟಡಗಳು. ಲೆ ಕಾರ್ಬೂಸಿಯೆ ಯೋಜಿಸಿದ ನಗರ ಇದು. ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ಬೆಳೆದ ನನಗೆ ಮೊದಲ ದಿನ ಖುಷಿಯಾಯ್ತು, ಎರಡನೇ ದಿನ ಸ್ವಲ್ಪ ಬೋರ್ ಅನ್ನಿಸಿತು.

ಆಫೀಸಿನ ಕೆಲಸ ಮುಗಿದ ಮೇಲೆ ಅರ್ಧ ದಿನ ಉಳಿದಿತ್ತು. ಅಲ್ಲಿನ ಸಹೋದ್ಯೋಗಿಯೊಬ್ಬರು, "ರಾಕ್ ಗಾರ್ಡನ್ ನೋಡದೆ ವಿಮಾನ ಹತ್ತಬೇಡಿ" ಅಂದರು. ಸೆಕ್ಟರ್ 1ರಲ್ಲಿ, ಸುಖನಾ ಕೆರೆಯ ಪಕ್ಕದಲ್ಲೇ ಇದೆ. ಒಳಗೆ ಹೋಗುತ್ತಿದ್ದಂತೆ ನಗರದ ನೇರ ಗೆರೆಗಳೆಲ್ಲ ಮಾಯ. ದಾರಿ ಸುತ್ತಿ ಬಳಸಿ ಹೋಗುತ್ತೆ. ಬಾಗಿಲುಗಳು ಎಷ್ಟು ಗಿಡ್ಡ ಅಂದ್ರೆ, ಎಂಥವರೂ ತಲೆ ಬಗ್ಗಿಸಿಯೇ ದಾಟಬೇಕು.

ಇದನ್ನು ಕಟ್ಟಿದವರು ನೇಕ್ ಚಂದ್. 1924ರಲ್ಲಿ ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಹಳ್ಳಿಯೊಂದರಲ್ಲಿ. 1947ರ ವಿಭಜನೆಯಲ್ಲಿ ಕುಟುಂಬ ಆ ಊರು ಬಿಟ್ಟು ಬಂತು. ಮುಂದೆ ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆದರು. ಹೊಸ ನಗರಕ್ಕಾಗಿ ಹತ್ತಾರು ಹಳ್ಳಿಗಳನ್ನು ಕೆಡವುತ್ತಿದ್ದ ಕಾಲ ಅದು. ಊರು ಕಳೆದುಕೊಂಡವನ ಕಣ್ಣೆದುರೇ ಬೇರೆಯವರ ಊರುಗಳು ಅವಶೇಷವಾಗುತ್ತಿದ್ದವು.

1950ರ ದಶಕದ ಕೊನೆಯಿಂದ ಅವರು ಕೆಲಸ ಮುಗಿಸಿ ಸೈಕಲ್ ಏರಿ ಹೊರಡುತ್ತಿದ್ದರು. ಹೊಳೆ ಪಾತ್ರದಲ್ಲಿ ಹಕ್ಕಿಯಂತೆ, ಮನುಷ್ಯನಂತೆ ಕಾಣುವ ಕಲ್ಲುಗಳನ್ನು ಆರಿಸಿ ತರುತ್ತಿದ್ದರು. ಚಿಕ್ಕಂದಿನಲ್ಲಿ ತಾಯಿ ಹೇಳಿದ ರಾಜ ರಾಣಿಯರ ಕತೆಗಳಿಗೆ, ಬಿಟ್ಟು ಬಂದ ಹಳ್ಳಿಗೆ ಮತ್ತೊಮ್ಮೆ ರೂಪ ಕೊಡೋದು ಅವರ ಆಸೆ. ಆರಿಸಿಕೊಂಡ ಜಾಗ ಮಾತ್ರ ಯಾರೂ ಏನೂ ಕಟ್ಟಬಾರದೆಂದು ಕಾಯ್ದಿಟ್ಟ ಕಾಡು! ಹೀಗಾಗಿ ಎಲ್ಲವೂ ಕದ್ದುಮುಚ್ಚಿ, ಹೆಚ್ಚಾಗಿ ರಾತ್ರಿ ಹೊತ್ತು. ಹದಿನೈದು ವರ್ಷಕ್ಕೂ ಮೇಲೆ ಈ ಗುಟ್ಟು ಉಳಿಯಿತು.

ಮೊದಲ ಅಂಗಳಗಳಲ್ಲಿ ನಿಂತಾಗ ಇದು ಒಬ್ಬನ ಖಾಸಗಿ ನೆನಪು ಅಂತ ಗೊತ್ತಾಗುತ್ತೆ. ಬರೀ ಕಲ್ಲು, ಪುಟ್ಟ ಗೋಡೆ, ಮೌನ. ಮುಂದೆ ಹೋದ ಹಾಗೆ ಸಾಮಗ್ರಿ ಬದಲಾಗುತ್ತೆ. ಒಡೆದ ಬಳೆಯ ಸೀರೆ ಉಟ್ಟ ಹೆಂಗಸರು, ಪಿಂಗಾಣಿ ಚೂರಿನ ಅಂಗಿ ತೊಟ್ಟ ಗಂಡಸರು ಸಾಲಾಗಿ ನಿಂತಿದ್ದಾರೆ. ವಾಶ್‌ಬೇಸಿನ್ ಚೂರು, ಹಳೇ ವಿದ್ಯುತ್ ಸಾಮಾನು ಕೂಡ ಗೋಡೆ ಸೇರಿವೆ. ಚಿಂದಿ ಬಟ್ಟೆಯ ಆಳೆತ್ತರದ ಗೊಂಬೆಗಳೂ ಇವೆ.

1970ರ ದಶಕದ ಮಧ್ಯದಲ್ಲಿ ಅಧಿಕಾರಿಗಳಿಗೆ ವಿಷಯ ತಿಳಿಯಿತು. ನಿಯಮದ ಪ್ರಕಾರ ಕೆಡವಬೇಕಿತ್ತು. ಆದರೆ ಜನ ನೋಡಲು ಮುಗಿಬಿದ್ದರು. 1976ರಲ್ಲಿ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ನೇಕ್ ಚಂದ್‌ಗೆ ಇದೇ ಕೆಲಸಕ್ಕೆ ಸಂಬಳ, ಸಹಾಯಕ್ಕೆ ಕೂಲಿಯವರು ಸಿಕ್ಕರು. ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ನಗರದಲ್ಲಿ ತ್ಯಾಜ್ಯ ಸಂಗ್ರಹ ಕೇಂದ್ರಗಳು ಶುರುವಾದವು. ಚಿಂದಿ, ಒಡೆದ ಪಿಂಗಾಣಿ ಅಲ್ಲಿಂದ ಇಲ್ಲಿಗೆ ಬರತೊಡಗಿದವು. ಒಬ್ಬ ವ್ಯಕ್ತಿಯ ನೆನಪಿನ ಕೆಲಸ ಇಡೀ ನಗರದ ಕಸದ ಪ್ರಶ್ನೆಯಾಯಿತು. 1984ರಲ್ಲಿ ಪದ್ಮಶ್ರೀ ಬಂತು. ಮುಂದೊಮ್ಮೆ ರಸ್ತೆಗಾಗಿ ಬುಲ್ಡೋಜರ್ ಬಂದಾಗ ಜನರೇ ಮಾನವ ಸರಪಳಿ ಕಟ್ಟಿ ತಡೆದರು. ಈಗ ಉದ್ಯಾನದ ವಿಸ್ತಾರ ಸುಮಾರು 40 ಎಕರೆ.

ಸುಲಭವಾಗಿ ಚಪ್ಪಾಳೆ ತಟ್ಟೋಕೂ ಆಗಲ್ಲ ನೋಡಿ. ಕಾಯ್ದಿಟ್ಟ ಕಾಡಿನಲ್ಲಿ ಒಬ್ಬೊಬ್ಬರೂ ಹೀಗೆ ಕಟ್ಟುತ್ತಾ ಹೋದರೆ ಕಾಡು ಉಳಿಯುತ್ತಾ? ಈ ಪ್ರಶ್ನೆಯನ್ನು ನಾನಲ್ಲೇ ಬಿಟ್ಟು ಬರಲಿಲ್ಲ. ಆದರೆ ಹಳ್ಳಿಗಳನ್ನೇ ಅಳಿಸಿ ನಗರ ಕಟ್ಟಿದ್ದು ಕಾನೂನುಬದ್ಧ, ಆ ಹಳ್ಳಿಗಳ ಚೂರು ಜೋಡಿಸಿದ್ದು ಅಪರಾಧ ಅನ್ನೋದೂ ಯಾಕೋ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮಜ್ಜಿಯ ತವರುಮನೆ ಶರಾವತಿ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದ ಸಾಮಾನಿನಲ್ಲಿ ಈಗ ಉಳಿದಿರೋದು ಬೀಸೋಕಲ್ಲು ಮಾತ್ರ. ಸಾಗರದ ಮನೆ ಮಾರುವ ಮಾತು ನಡೀತಿದೆ. ಫ್ಲ್ಯಾಟಿನಲ್ಲಿ ಅದಕ್ಕೆ ಜಾಗ ಎಲ್ಲಿ ಅಂತ ಹೋದ ತಿಂಗಳು ಅಪ್ಪ ಕೇಳಿದ್ದರು. ಯಾರೂ ಉತ್ತರ ಹೇಳಿರಲಿಲ್ಲ. ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತೇ ಅಮ್ಮನಿಗೆ ಫೋನ್ ಮಾಡಿದೆ. "ಬೀಸೋಕಲ್ಲು ಯಾರಿಗೂ ಕೊಡಬೇಡಿ, ನಾನು ತಗೊಂಡು ಹೋಗ್ತೀನಿ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ರ ಗೂಟ ಮುರಿದಿದೆ ಮಾರಾಯ್ತಿ" ಅಂದಳು. ಮುರಿದಿದ್ದರೆ ಇನ್ನೂ ಒಳ್ಳೇದು ಅಂತ ನಕ್ಕೆ.

ನೇಕ್ ಚಂದ್ 2015ರ ಜೂನ್‌ನಲ್ಲಿ ತೀರಿಕೊಂಡರು. ನೀವು ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ, ಎರಡು ಮೂರು ಗಂಟೆ ಇಟ್ಟುಕೊಳ್ಳಿ, ನಡೆಯಲು ಒಳ್ಳೆಯ ಶೂ ಇರಲಿ. ಕೊನೆಯಲ್ಲಿ ಸಿಗುವ ಜಲಪಾತ, ಉಯ್ಯಾಲೆಗಳ ಹತ್ತಿರ ಸೆಲ್ಫಿಯ ಗಲಾಟೆ ಜಾಸ್ತಿ. ಅದಕ್ಕೂ ಮೊದಲು ಬಳೆಯ ಹೆಂಗಸರ ಮುಂದೆ ಹತ್ತು ನಿಮಿಷ ನಿಲ್ಲಿ. ಬಿಸಿಲು ಬಿದ್ದಾಗ ಒಂದೊಂದು ಚೂರೂ ಬೇರೆ ಬಣ್ಣಕ್ಕೆ ಹೊಳೆಯುತ್ತೆ. ಅವು ಯಾರ್ಯಾರೋ ಕೈಯಲ್ಲಿದ್ದ ಬಳೆಗಳು.