ಊರೂರಿನ ಸ್ಟೇಷನ್ ರಸ್ತೆ

ಯಾವ ದೇಶಕ್ಕೆ ಹೋದರೂ ನಾನು ಮೊದಲು ನೋಡುವುದು ಅಲ್ಲಿಯ ರೈಲು ನಿಲ್ದಾಣದ ಎದುರಿನ ರಸ್ತೆ. ಕೋಟೆ, ಸಮುದ್ರ, ಮ್ಯೂಸಿಯಂ ಎಲ್ಲ ಆಮೇಲೆ. ಇದೇನು ದೊಡ್ಡ ತತ್ವವಲ್ಲ, ಹುಟ್ಟಿನಿಂದ ಬಂದ ಚಟ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮಪ್ಪನದೊಂದು ಖಾನಾವಳಿ ಇತ್ತು. ಆರು ಬೆಂಚು, ಒಂದು ನೀರಿನ ಹಂಡೆ, ಹಿಂದೆ ರೊಟ್ಟಿ ಬಡಿಯುವ ಕೋಣೆ. ಗಾಡಿ ಇಳಿದವರು ಟಾಂಗಾ ಹತ್ತುವ ಮೊದಲು ನಮ್ಮಲ್ಲಿ ಉಣ್ಣುತ್ತಿದ್ದರು. ಗೋಲಗುಂಬಜ್ ನೋಡಲು ಬಂದವರು, ಕೋರ್ಟಿನ ತಾರೀಖಿಗೆ ಬಂದವರು, ಪಂಢರಪುರಕ್ಕೆ ಹೊರಟವರು, ದುಡಿಯಲು ಹೊರಟವರು. ಯಾರು ಎಲ್ಲಿಂದ ಬಂದರು, ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದನ್ನು ಅಪ್ಪ ಅವರು ಕೈ ತೊಳೆಯುವ ರೀತಿಯಲ್ಲೇ ಹೇಳುತ್ತಿದ್ದ. ಆ ವಿದ್ಯೆ ನನಗೆ ಪೂರ್ತಿ ಹತ್ತಲಿಲ್ಲ. ಆದರೆ ಊರಿನ ನಿಜವಾದ ಮುಖ ನಿಲ್ದಾಣದ ಎದುರಿಗೆ ಇರುತ್ತದೆ ಎಂಬ ನಂಬಿಕೆ ಮಾತ್ರ ಉಳಿಯಿತು.

ನಾನು ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಕೆಲಸದವನು. ಈ ಕೆಲಸ ನನ್ನನ್ನು ಕೆಲವು ದೇಶಗಳಿಗೆ ಕರೆದೊಯ್ಯಿತು, ಮಗಳ ಓದು ಇನ್ನು ಕೆಲವಕ್ಕೆ. ಕನ್ನಡದಲ್ಲಿ ಪ್ರವಾಸ ಕಥನಗಳಿಗೆ ಬರವಿಲ್ಲ. ಗೊರೂರರು ಅಮೆರಿಕಕ್ಕೆ ಹೋಗಿಬಂದು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಶಿವರಾಮ ಕಾರಂತ, ಬಿ.ಜಿ.ಎಲ್. ಸ್ವಾಮಿ, ಎ.ಎನ್. ಮೂರ್ತಿರಾವ್ ಎಲ್ಲರೂ ಬರೆದಿದ್ದಾರೆ. ನಾನು ಅವುಗಳನ್ನು ಓದಿಯೇ ಹೊರಟವನು. ಆದರೆ ನನ್ನ ಅವ್ವ ಅಂಥ ಪುಸ್ತಕ ಓದಿದವಳಲ್ಲ. ನಾನು ಎಲ್ಲಿಂದ ಬಂದರೂ ಅವಳದು ಒಂದೇ ಪ್ರಶ್ನೆ: ‘ಅಲ್ಲೆ ಜ್ವಾಳ ಬೆಳೀತಾರೇನೋ ತಮ್ಮಾ?’

ಇಸ್ತಾಂಬುಲ್‌ನಿಂದ ಬಂದಾಗಲೂ ಕೇಳಿದಳು. ಇಲ್ಲವ್ವ, ಗೋದಿ ಅಂದೆ. ಮುಖ ಸಣ್ಣಗಾಯಿತು.

ಅಲ್ಲಿಯ ಸಿರ್ಕೆಜಿ ನಿಲ್ದಾಣ 1890ರದು. ಪ್ಯಾರಿಸ್ ಕಡೆಯಿಂದ ಬರುತ್ತಿದ್ದ ಓರಿಯಂಟ್ ಎಕ್ಸ್‌ಪ್ರೆಸ್ ಕೊನೆಗೆ ನಿಲ್ಲುತ್ತಿದ್ದುದು ಅಲ್ಲಿ. ನಾನು ಹೋದಾಗ ಓಡಾಟವೆಲ್ಲ ನೆಲದಡಿಯ ರೈಲಿನದು, ಮೇಲಿನ ಕಟ್ಟಡ ಬಣ್ಣದ ಗಾಜಿನ ಕಿಟಕಿಗಳೊಂದಿಗೆ ಸುಮ್ಮನೆ ಕೂತಿತ್ತು. ನನಗೆ ಹಿಡಿಸಿದ್ದು ಹಿಂದಿನ ಓಣಿಯ ಊಟದ ಅಂಗಡಿ. ಅಂಗಡಿಕಾರರು, ಕೂಲಿಗಳು ಮಧ್ಯಾಹ್ನ ಉಣ್ಣುವ ಜಾಗ. ಪಾತ್ರೆಗಳನ್ನು ಎದುರಿಗೇ ಇಟ್ಟಿರುತ್ತಾರೆ, ನೀವು ಬೆರಳು ತೋರಿಸಬೇಕು, ಬಡಿಸುತ್ತಾರೆ. ಬದನೆಕಾಯಿ, ಬೇಳೆ ಸಾರು, ಮೊಸರು. ಬ್ರೆಡ್ಡಿಗೆ ಲೆಕ್ಕವಿಲ್ಲ, ಬುಟ್ಟಿ ಖಾಲಿಯಾದರೆ ಮತ್ತೆ ತುಂಬುತ್ತಾರೆ. ನಮ್ಮಪ್ಪನ ಖಾನಾವಳಿಯಲ್ಲಿ ರೊಟ್ಟಿಗೂ ಇದೇ ನಿಯಮವಿತ್ತು. ಮಾಲೀಕ ಎಲ್ಲಿಂದ ಬಂದಿರಿ ಎಂದ. ನಿಮ್ಮವನೊಬ್ಬ ಎರಕ ಹೊಯ್ದ ತೋಪು ನಮ್ಮೂರ ಬುರುಜಿನ ಮೇಲಿದೆ ಎಂದು ಮೊಬೈಲಿನಲ್ಲಿ ಮಲಿಕ್-ಎ-ಮೈದಾನದ ಚಿತ್ರ ತೋರಿಸಿದೆ. ಅದನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ರೂಮಿ ಅಂದರೆ ರೂಮ್ ಸೀಮೆಯವನು, ತುರ್ಕರ ನಾಡಿನವನು. ಮಾಲೀಕ ಚಿತ್ರವನ್ನು ದೊಡ್ಡದು ಮಾಡಿ ಸಿಂಹದ ಬಾಯಿಯನ್ನು ನೋಡಿದ, ಅಡುಗೆಯವನನ್ನು ಕರೆದು ತೋರಿಸಿದ, ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ನಾಲ್ಕೂವರೆ ಶತಮಾನದ ಹಿಂದೆ ಎಲ್ಲಿಗೋ ಹೋದ ಒಬ್ಬ ಕುಶಲಕರ್ಮಿಯ ಲೆಕ್ಕದಲ್ಲಿ ನನಗೊಂದು ಲೋಟ ಚಹಾ ಸಿಕ್ಕಿತು.

ಲಂಡನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳಿದ್ದಾರೆ. ವಿಜಯಪುರದವನಿಗೆ ಅಲ್ಲಿ ಮಾಡಲೇಬೇಕಾಗಿದ್ದ ಒಂದು ಕೆಲಸ ಸೇಂಟ್ ಪಾಲ್ಸ್ ಚರ್ಚಿನ 257 ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚುವುದು. ಹಚ್ಚಿದೆ. ಆ ಬದಿಯಲ್ಲಿ ಕೂತ ಮಗಳಿಗೆ ಕೇಳಿತು. ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡು ಗೋಲಗುಂಬಜ್‌ನಲ್ಲಿ ಮಲಗಿದ್ದು 1656ರಲ್ಲಿ. ಲಂಡನ್ನಿನ ಈ ಗುಮ್ಮಟ ಅದಕ್ಕಿಂತ ಅರ್ಧ ಶತಮಾನ ಚಿಕ್ಕ ತಮ್ಮ. ಅಲ್ಲಿ ಜನ ಮೆಲ್ಲಗೆ, ನಾಚಿಕೊಂಡು ಪಿಸುಗುಟ್ಟುತ್ತಿದ್ದರು. ನಮ್ಮಲ್ಲಿ ಶಾಲೆಯ ಮಕ್ಕಳು ಒಳಗೆ ಹೊಕ್ಕ ಕ್ಷಣವೇ ಕೂಗು, ಸಿಳ್ಳೆ, ಚಪ್ಪಾಳೆ; ಒಬ್ಬನ ಹೆಸರು ಏಳು ಸಲ ತಿರುಗಿ ಬರುವಷ್ಟರಲ್ಲಿ ಇನ್ನೊಬ್ಬನ ಹೆಸರು ಹೊರಟಿರುತ್ತದೆ. ಸಭ್ಯತೆಯ ದೃಷ್ಟಿಯಿಂದ ಲಂಡನ್ ಮೇಲು ಎನ್ನುವವರಿದ್ದಾರೆ. ನನಗೆ ನಮ್ಮ ಗದ್ದಲವೇ ಇಷ್ಟ.

ನಾನು ನಿಜವಾಗಿ ಹೇಳಬೇಕೆಂದಿರುವುದು ಇಥಿಯೋಪಿಯಾದ ಬಗ್ಗೆ.

2010ರ ಆಸುಪಾಸಿಗೆ ಆವಾಷ್ ನದಿ ಕಣಿವೆಯ ಒಂದು ಸಕ್ಕರೆ ಕಾರ್ಖಾನೆಗೆ ನನ್ನನ್ನು ಎಂಟು ತಿಂಗಳ ಮಟ್ಟಿಗೆ ಕಳಿಸಿದರು. ಅಡಿಸ್ ಅಬಾಬದಲ್ಲಿ ಇಳಿದ ದಿನವೇ ನಿಲ್ದಾಣ ಎಲ್ಲಿ ಎಂದು ಕೇಳಿದೆ. ಆ ಬಡಾವಣೆಯನ್ನೇ ಅವರು ‘ಲೆಗೆಹಾರ್’ ಎನ್ನುತ್ತಾರೆ. ಫ್ರೆಂಚ್ ಭಾಷೆಯ ‘ಲಾ ಗಾರ್’, ಅಂದರೆ ರೈಲು ನಿಲ್ದಾಣ, ಜನರ ಬಾಯಲ್ಲಿ ಸವೆದು ಹಾಗಾಗಿದೆ. ನಮ್ಮಲ್ಲಿ ಸ್ಟೇಷನ್ ‘ಟೇಸನ್’ ಆದಂತೆ. ಎದುರಿಗೆ ಒಂದು ಸಿಂಹದ ಪ್ರತಿಮೆ, ಅಲ್ಲಿಂದ ಏರುತ್ತಾ ಹೋಗುವ ಅಗಲವಾದ ರಸ್ತೆ. ಜಿಬೂಟಿ ಬಂದರಿನಿಂದ ಫ್ರೆಂಚರು ಹಾಕಿದ ಈ ಹಳಿ ಅಡಿಸ್ ತಲುಪಿದ್ದು 1917ರಲ್ಲಿ. ಮೀಟರ್ ಗೇಜ್. ಫ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಆ ಹಳಿಗಳ ನಡುವಿನ ಅಂತರವನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ನಾನು ಬೆಳೆದದ್ದೇ ಆ ಅಳತೆಯ ಹಳಿಗಳ ಪಕ್ಕ. ಗಾಡಿ ಮಾತ್ರ ಬರುತ್ತಿರಲಿಲ್ಲ. ಹಳಿ ಹಳತಾಗಿ ಓಡಾಟ ನಿಂತಿತ್ತು, ಎದುರಿನ ಚಹಾದಂಗಡಿಗಳು ಮಾತ್ರ ತೆರೆದಿದ್ದವು. ಗಾಡಿ ಬರದ ನಿಲ್ದಾಣ ಹೇಗಿರುತ್ತದೆ ಎಂದು ನನಗೆ ಗೊತ್ತು. ನಮ್ಮ ಕಡೆ ಗೇಜ್ ಬದಲಾಯಿಸುವ ಕೆಲಸ ವರ್ಷಗಟ್ಟಲೆ ನಡೆದಾಗ ಅಪ್ಪ ಬೆಂಚುಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸಿಟ್ಟಿದ್ದ. ಎರಡಕ್ಕೆ ಇಳಿದಾಗ ರೊಟ್ಟಿ ಬಡಿಯುವವರಲ್ಲಿ ಇಬ್ಬರನ್ನು ಬಿಡಿಸಬೇಕಾಯಿತು. ಆ ರಾತ್ರಿ ಅಪ್ಪ ಉಣ್ಣಲಿಲ್ಲ.

ಅವರ ಗಡಿಯಾರ ನಮ್ಮದಕ್ಕಿಂತ ಬೇರೆ, ಸೂರ್ಯ ಹುಟ್ಟಿದಾಗಿನಿಂದ ಎಣಿಸುತ್ತಾರೆ. ನಾವು ಬೆಳಿಗ್ಗೆ 7 ಅನ್ನುವುದು ಅವರಿಗೆ 1 ಗಂಟೆ. ಪಾಳಿಯ ಲೆಕ್ಕದಲ್ಲಿ ಮೊದಲ ವಾರ ಎಲ್ಲರೂ ನಕ್ಕರು. ಒಂದು ಭಾನುವಾರ ಬಾಯ್ಲರಿನ ಫೋರ್‌ಮನ್ ತನ್ನ ಮನೆಗೆ ಕರೆದ. ಅವನದು ಮೂಲತಃ ಹರಾರ್ ಕಡೆಯ ಹಳ್ಳಿ. ಅಗಲವಾದ ತಟ್ಟೆಯ ಮೇಲೆ ದೋಸೆಯಂಥ ಇಂಜೆರಾ ಹಾಸಿ, ಮೇಲೆ ನಾಲ್ಕೈದು ಬಗೆಯ ಪಲ್ಯ. ಸುತ್ತ ಕೂತು ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುವುದು. ಮನೆಯ ಹಿರಿಯಳು ಒಂದು ತುತ್ತು ಮಡಿಚಿ ನನ್ನ ಬಾಯಿಗೇ ಇಟ್ಟಳು; ಅದು ಅವರಲ್ಲಿ ಪ್ರೀತಿಯ ಪದ್ಧತಿ, ‘ಗುರ್ಷಾ’ ಅನ್ನುತ್ತಾರೆ. ಇಂಜೆರಾ ಸಾಮಾನ್ಯವಾಗಿ ಟೆಫ್ ಎಂಬ ರಾಗಿಗಿಂತ ಸಣ್ಣ ಕಾಳಿನದು. ಇದು ಬೇರೆ ಅನಿಸಿತು. ಹುಳಿಯ ಹಿಂದೆ ನಾಲಿಗೆಗೆ ಗುರುತಿನ ಒಂದು ರುಚಿ. ಏನಿದು ಎಂದೆ. ‘ಮಶಿಲ್ಲಾ’ ಎಂದ ಫೋರ್‌ಮನ್, ಒಳಗೆ ಹೋಗಿ ಮುಷ್ಟಿ ತುಂಬ ಕಾಳು ತಂದು ನನ್ನ ಅಂಗೈಗೆ ಸುರಿದ. ಜೋಳ.

ನಮ್ಮ ಮಾಲದಂಡಿಯಷ್ಟು ಬಿಳಿಯಲ್ಲ, ಸ್ವಲ್ಪ ಕೆಂಪು. ಆದರೆ ಜೋಳವೇ. ಜೋಳದ ತವರು ಆ ಕಡೆಯೇ ಎಂದು ಆಮೇಲೆ ಓದಿದೆ. ಇಂದಿನ ಸುಡಾನಿನ ಪೂರ್ವದ ಬಯಲುಗಳಲ್ಲಿ ಐದು ಸಾವಿರ ವರ್ಷದ ಹಿಂದೆ ಜನ ಅದನ್ನು ಕಾಡಿನಿಂದ ಹೊಲಕ್ಕೆ ತಂದರು, ಅಲ್ಲಿಂದ ಸಮುದ್ರ ದಾಟಿ ನಮ್ಮ ಕಡೆಗೆ ಬಂತು. ಡೋಣಿ ಸಾಲಿನ ಎರೆಹೊಲದಲ್ಲಿ, ತಿಕೋಟಾ ಬಬಲೇಶ್ವರದ ಕಡೆ, ಹಿಂಗಾರಿನಲ್ಲಿ ಆಳೆತ್ತರ ನಿಂತು ತೆನೆ ಬಾಗಿಸುವ ಜೋಳವನ್ನು ನಾವು ನೆಲದ ಮಗಳು ಎಂದುಕೊಂಡಿದ್ದೇವೆ. ಅವಳು ಸೊಸೆ. ಬಂದ ಸೊಸೆಯೇ ಮನೆ ನಡೆಸುತ್ತಿದ್ದಾಳೆ, ಅದು ಬೇರೆ ಮಾತು.

ಕಾಳಿನ ಜೊತೆಗೆ, ಕಾಳಿಗಿಂತ ಬಹಳ ತಡವಾಗಿ, ಜನರೂ ಬಂದರು. ಫೋರ್‌ಮನ್ನಿಗೆ ಹೇಳಿದೆ, ನಿಮ್ಮ ನಾಡಿನಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು ನಮ್ಮೂರಿನಲ್ಲಿ ಮಂತ್ರಿಗಳಾಗಿದ್ದರು ಎಂದು. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ರಾಜ್ಯದ ಚುಕ್ಕಾಣಿ ಹಿಡಿದಿದ್ದ ಇಖ್ಲಾಸ್ ಖಾನ್ ಹಬಶಿ. ಆ ಕಾಲದ ಚಿತ್ರಗಳಲ್ಲಿ ಸುಲ್ತಾನನ ಪಕ್ಕ ನಿಂತಿರುವ ಕಪ್ಪು ಮೈಬಣ್ಣದ, ಬಂಗಾರದ ಅಂಗಿಯ ಮನುಷ್ಯ ಅವನೇ. ಅಹಮದನಗರವನ್ನು ಮೊಘಲರಿಂದ ಕಾಪಾಡಿದ ಮಲಿಕ್ ಅಂಬರ್ ಕೂಡ ಇಥಿಯೋಪಿಯಾದಲ್ಲಿ ಹುಟ್ಟಿದವನು. ಫೋರ್‌ಮನ್ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ: ‘ಮಂತ್ರಿಯಾದವರು ಸರಿ. ಆಗದೇ ಇದ್ದವರು ಏನಾದರು?’ ನನ್ನ ಹತ್ತಿರ ಉತ್ತರವಿರಲಿಲ್ಲ. ಚಿತ್ರಗಳಲ್ಲಿ ಅವರು ಇಲ್ಲ.

ಆ ಕಾರ್ಖಾನೆಗೆ ಕಬ್ಬು ಕಡಿಯುವವರು ದಕ್ಷಿಣದಿಂದ, ವೊಲಾಯ್ತಾ, ಕಂಬಾಟಾ, ಹದಿಯಾ ಕಡೆಯಿಂದ ಹಂಗಾಮಿಗೆ ಬರುತ್ತಿದ್ದರು. ಲಾರಿಯಲ್ಲಿ ಚಾಪೆ, ಪಾತ್ರೆ, ಕುಡುಗೋಲಿನ ಸಮೇತ. ಅವರು ಇಳಿಯುವುದನ್ನು ನೋಡುತ್ತಾ ನಿಂತಾಗ ನಾನು ಇಥಿಯೋಪಿಯಾದಲ್ಲಿದ್ದೇನೆ ಅನಿಸುತ್ತಿರಲಿಲ್ಲ. ದೀಪಾವಳಿ ಹೊತ್ತಿಗೆ ನಮ್ಮ ಜಿಲ್ಲೆಯ ತಾಂಡಾಗಳು ಖಾಲಿಯಾಗುವುದು ಹೀಗೆಯೇ. ಕೆಲವರು ಮಹಾರಾಷ್ಟ್ರದ ಕಬ್ಬಿಗೆ, ಕೆಲವರು ಗೋವಾದ ಕಟ್ಟಡಗಳಿಗೆ. ಮುದುಕರು, ಮಕ್ಕಳು, ಒಂದೆರಡು ಆಡು ಉಳಿಯುತ್ತವೆ. ನಮ್ಮ ಖಾನಾವಳಿಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ಅಕ್ಕ ಒಬ್ಬಳಿದ್ದಾಳೆ, ಅವಳ ಗಂಡ ಗೋವಾದಲ್ಲಿ ದುಡಿದು ಅಲ್ಲೇ ತೀರಿಕೊಂಡ. ಅವಳು ಗೋವಾ ನೋಡಿಲ್ಲ. ನಾನು ಕಬ್ಬಿನಿಂದಲೇ ಬದುಕಿದವನು, ಅವರೂ ಕಬ್ಬಿನಿಂದಲೇ. ನನ್ನ ಓಡಾಟಕ್ಕೆ ‘ವಿದೇಶ ಪ್ರವಾಸ’ ಎಂಬ ಹೆಸರು, ಹಾರ, ಊರಿಗೆ ಬಂದಾಗ ಕಾಲೇಜಿನಲ್ಲಿ ಭಾಷಣ. ಅವರದಕ್ಕೆ ‘ಗುಳೆ’ ಅನ್ನುತ್ತೇವೆ.

ರಜೆಗೆ ಬಂದಾಗ ಅವ್ವನ ಮುಂದೆ ಪೊಟ್ಟಣ ಬಿಚ್ಚಿದೆ. ಒಂದು ಹಿಡಿ ಮಶಿಲ್ಲಾ. ಅವಳು ಎರಡು ಕಾಳು ಹಲ್ಲಿನಡಿ ಒಡೆದು ನೋಡಿ, ‘ರೊಟ್ಟಿಗೆ ಜಿಗಿ ಬರಂಗಿಲ್ಲ ಇದಕ್ಕ’ ಅಂದಳು. ಆದರೂ ಖುಷಿಯಾಗಿದ್ದಳು. ವಾರವಿಡೀ ಬಂದವರಿಗೆಲ್ಲ ಹೇಳಿದಳು, ನನ್ನ ಮಗ ಹೋದ ದೇಶದಾಗ ಜ್ವಾಳ ಉಣ್ಣೋ ಮಂದಿ ಅದಾರ ಅಂತ.

ಮಗಳು ಓದುತ್ತಿದ್ದುದು ನೆದರ್ಲೆಂಡ್ಸ್‌ನಲ್ಲಿ. ಅವಳು ಗಾಳಿಯಂತ್ರ ತೋರಿಸುತ್ತೇನೆ ಅಂದಳು, ನಾನು ಹಾರ್ಲೆಮ್ ಎಂದೆ. ಆ ದೇಶದ ಮೊದಲ ರೈಲು 1839ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಓಡಿದ್ದು ಹಾರ್ಲೆಮ್‌ಗೆ. 1908ರ ನಿಲ್ದಾಣ, ಒಳಗೆ ಮರದ ಟಿಕೆಟ್ ಕೋಣೆ, ಬಣ್ಣದ ಹೆಂಚು. ಎದುರಿಗೆ ಖಾನಾವಳಿ ಇಲ್ಲ, ಸಾವಿರಾರು ಸೈಕಲ್. ನಾನು ಹೋದದ್ದು ಕೊರ್ನೆಲಿಸ್ ಹೇಡಾ ಎಂಬವನ ಊರೆಂದು. ಹಾರ್ಲೆಮ್‌ನ ಚಿತ್ರಗಾರ ಅವನು. ಪ್ರಾಗ್‌ನಲ್ಲಿ ಚಕ್ರವರ್ತಿ ರುಡಾಲ್ಫನ ಆಸ್ಥಾನದಲ್ಲಿದ್ದು, ಅಲೆದಲೆದು ಗೋವಾ ಮುಟ್ಟಿ, 1610ರ ಹೊತ್ತಿಗೆ ಬಿಜಾಪುರಕ್ಕೆ ಬಂದ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ ಅವನನ್ನು ಬಿಡಲಿಲ್ಲ. ಅಲ್ಲೇ ಚಿತ್ರ ಬರೆಯುತ್ತಾ ಅಲ್ಲೇ ಸತ್ತ. ‘ಅಪ್ಪಾ, ಅವನು ನಮ್ಮೂರಲ್ಲಿ ಏನು ಉಣ್ಣುತ್ತಿದ್ದ?’ ಎಂದಳು ಮಗಳು. ಅವಳು ಅಜ್ಜಿಯ ಮೊಮ್ಮಗಳೇ ಸರಿ. ಅವಳೀಗ ಅಲ್ಲೇ ಕೆಲಸದಲ್ಲಿದ್ದಾಳೆ. ಬರುತ್ತಾಳೋ ಹೇಡಾನಂತೆ ಉಳಿಯುತ್ತಾಳೋ, ನಾನು ಕೇಳಿಲ್ಲ. ಪ್ರತಿಸಲ ಎರಡು ಕಿಲೋ ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತೇನೆ.

ಅವ್ವ ಹೋಗಿ ನಾಲ್ಕು ವರ್ಷವಾಯಿತು. ಖಾನಾವಳಿಯನ್ನು ತಮ್ಮ ನಡೆಸುತ್ತಾನೆ. ಈಗ ಗಾಡಿಗಳಿವೆ, ಬೆಂಚುಗಳ ಬದಲು ಸ್ಟೀಲಿನ ಟೇಬಲ್ಲುಗಳಿವೆ. ಹೋದ ವರ್ಷ ರೊಟ್ಟಿ ಬಡಿಯುವ ಅಕ್ಕ ಕೈಯೊರೆಸಿಕೊಳ್ಳುತ್ತಾ ಬಂದು ನಿಂತಳು. ‘ಅಣ್ಣಾರ, ನೀವು ದೇಶ ತಿರುಗಿದವರು. ನಮ್ಮ ಹುಡುಗ ಮಸ್ಕತ್ತಿಗೆ ಹೋಗ್ತೀನಿ ಅಂತಾನ. ಕಾಗದ ತುಂಬಿ ಕೊಡ್ರಿ.’ ಹುಡುಗ ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು, ಗೋವಾದಲ್ಲಿ ಕಬ್ಬಿಣ ಕಟ್ಟುವ ಕೆಲಸ ಕಲಿತವನು. ಪಾಸ್‌ಪೋರ್ಟ್ ಅರ್ಜಿ ತುಂಬಲು ಕೂತೆವು. ಹುಟ್ಟಿದ ಜಾಗ ತಾಂಡಾ ಎಂದು ಬರೆಯಬೇಕೋ, ಹಳ್ಳಿಯ ಹೆಸರೋ? ಶಾಲೆಯ ದಾಖಲೆಯಲ್ಲಿ ಒಂದು ಜನ್ಮದಿನ, ಆಧಾರ್‌ನಲ್ಲಿ ಇನ್ನೊಂದು. ಅದನ್ನು ಸರಿಮಾಡಿಸಲು ಮೂರು ತಿಂಗಳು, ನಡುವೆ ಒಬ್ಬ ಏಜೆಂಟನಿಗೆ ಆರು ಸಾವಿರ ರೂಪಾಯಿ ವ್ಯರ್ಥ.

ಪಾಸ್‌ಪೋರ್ಟ್ ಬಂದ ದಿನ ಅವನು ತಂದು ತೋರಿಸಿದ. ನನ್ನದನ್ನೂ ತೆಗೆದು ಪಕ್ಕದಲ್ಲಿಟ್ಟೆ. ಹೊರಗಿನಿಂದ ಒಂದೇ, ಅದೇ ನೀಲಿ ರಟ್ಟು, ಅದೇ ಸಿಂಹಗಳು. ಅವನದರಲ್ಲಿ ಇ.ಸಿ.ಆರ್. ಎಂದಿದೆ. ಹತ್ತನೇ ತರಗತಿ ಪಾಸಾಗದವನು ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಇನ್ನೊಂದು ಪರವಾನಗಿ ಬೇಕು ಎಂದು ಅದರ ಅರ್ಥ. ಮೋಸಹೋಗದಿರಲಿ ಎಂದೇ ಮಾಡಿದ ನಿಯಮ, ಒಳ್ಳೆಯದೇ. ಆದರೆ ‘ಇದು ನಿಮ್ಮದರಾಗ ಯಾಕಿಲ್ರಿ ಕಾಕಾ?’ ಎಂದು ಅವನು ಕೇಳಿದಾಗ ವಿವರಿಸುವುದು ಸುಲಭವಿರಲಿಲ್ಲ. ವಿವರಿಸಿದೆ. ಕರಾರು ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿದೆ, ಪಾಸ್‌ಪೋರ್ಟನ್ನು ಯಾರು ಕೇಳಿದರೂ ಕೈಬಿಡಬೇಡ ಎಂದೆ, ರಾಯಭಾರ ಕಚೇರಿಯ ಫೋನ್ ನಂಬರನ್ನು ಅವನ ಮೊಬೈಲಿಗೂ ಅವನ ತಾಯಿಯ ಪುಟ್ಟ ವಹಿಗೂ ಬರೆದುಕೊಟ್ಟೆ. ಅವಳು ಐವತ್ತು ಖಡಕ್ ರೊಟ್ಟಿ ಕಟ್ಟಿ ಕೊಟ್ಟಳು. ತೂಕ ಜಾಸ್ತಿಯಾದೀತು ಅಂದರೆ ಕೇಳಲಿಲ್ಲ, ‘ರೊಟ್ಟಿ ಏನ್ ತೂಕ ರೀ’ ಅಂದಳು.

ಹೋಗಿ ಮೂರನೆಯ ದಿನ ವಾಟ್ಸಾಪಿನಲ್ಲಿ ಫೋಟೊ ಬಂತು. ಮಸ್ಕತ್ತಿನ ರುವಿ ಎಂಬಲ್ಲಿಯ ಬಸ್ ನಿಲ್ದಾಣ, ಹಿಂದೆ ಬೋಳು ಬೆಟ್ಟ, ಮಲಯಾಳಂ ಬೋರ್ಡಿನ ಒಂದು ಚಹಾದಂಗಡಿ. ಸಮುದ್ರದ ಫೋಟೊ ಕಳಿಸುತ್ತಾನೆ ಅಂದುಕೊಂಡಿದ್ದೆ. ಸ್ಟೇಷನ್ ರಸ್ತೆ ಹೆಂಗದ ಅಲ್ಲಿ ಎಂದು ಬರೆದೆ. ಸಂಜೆ ಪಾಳಿ ಮುಗಿದ ಮೇಲೆ ಉತ್ತರ ಬಂತು: ‘ಈ ದೇಶದಾಗ ಮಂದಿ ಕೂಡೋ ರೈಲೇ ಇಲ್ಲಂತ ಕಾಕಾ. ರೊಟ್ಟಿ ಮುರದಿಲ್ಲ, ಅವ್ವಗ ಹೇಳ್ರಿ.’