ಗಡಿಯ ಊರಿನ ತೆರೆದ ಮನಸ್ಸು

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ತಲಪಾಡಿಯನ್ನು ದಾಟಿದರೆ ಕೇರಳ ರಾಜ್ಯ. ಅಲ್ಲಿಂದ ಕೆಲವೇ ನಿಮಿಷಗಳ ದಾರಿ ಮಂಜೇಶ್ವರಕ್ಕೆ. ರಾಜ್ಯ ಬದಲಾದದ್ದು ರಸ್ತೆಬದಿಯ ಬೋರ್ಡುಗಳಿಂದ ತಿಳಿಯುತ್ತದೆಯೇ ಹೊರತು ಮಣ್ಣಿನಿಂದಲ್ಲ. ಅದೇ ತೆಂಗು, ಅದೇ ಅಡಿಕೆ ತೋಟ, ಅದೇ ಕಡಲಗಾಳಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆದರೂ ಇಲ್ಲಿಯ ಕಥೋಲಿಕ ಧರ್ಮಕೇಂದ್ರಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ. ರಾಜ್ಯದ ಗೆರೆ ಒಂದು ಕಡೆ, ಬಾಂಧವ್ಯದ ಗೆರೆ ಮತ್ತೊಂದು ಕಡೆ.

ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎನ್ನುತ್ತಾರೆ. ಇದು ಬರಿಯ ಭಾಷಣದ ಮಾತಲ್ಲ. ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವ ನಮ್ಮ ತಾಯಂದಿರನ್ನು ಗಮನಿಸಿ. ಮಕ್ಕಳನ್ನು ಕರೆಯುವುದು ಕೊಂಕಣಿಯಲ್ಲಿ, ಮೀನಿಗೆ ಚೌಕಾಸಿ ತುಳುವಿನಲ್ಲಿ ಅಥವಾ ಬ್ಯಾರಿ ಭಾಷೆಯಲ್ಲಿ, ಬಸ್ಸಿನ ಕಂಡಕ್ಟರನೊಡನೆ ಮಲಯಾಳ, ಶಾಲೆಯ ಟೀಚರೊಡನೆ ಕನ್ನಡ. ಇಷ್ಟೆಲ್ಲಾ ಆಡಿದರೂ ತಾವೊಂದು ದೊಡ್ಡ ಕೆಲಸ ಮಾಡುತ್ತಿದ್ದೇವೆಂದು ಅವರಿಗೆ ಅನಿಸುವುದೇ ಇಲ್ಲ. ಎದುರಿಗಿರುವವನ ಭಾಷೆಗೆ ತಾನೇ ಒಂದು ಹೆಜ್ಜೆ ಮುಂದೆ ಹೋಗುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ.

ಈ ಊರಿನಲ್ಲಿ ದೇವಸ್ಥಾನ, ಮಸೀದಿ, ಚರ್ಚು, ಜೈನ ಬಸದಿ ಎಲ್ಲವೂ ಇವೆ. ಉದ್ಯಾವರದ ಅರಸು ಮಂಜಿಷ್ಣಾರ್ ಕ್ಷೇತ್ರದ ಉತ್ಸವಕ್ಕೆ ಮೊದಲು ಕ್ಷೇತ್ರದ ಪಾತ್ರಿಗಳು ಅಲ್ಲಿಯ ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಡುವ ಸಂಪ್ರದಾಯವಿದೆ. ಇದರಿಂದ ಯಾರ ನಂಬಿಕೆಯೂ ಕಡಿಮೆಯಾಗಿಲ್ಲ. ಗುಡಿ ಗುಡಿಯಾಗಿಯೇ ಇದೆ, ಮಸೀದಿ ಮಸೀದಿಯಾಗಿಯೇ ಇದೆ. ನಡುವಿನ ದಾರಿಯಲ್ಲಿ ಮಾತ್ರ ಹುಲ್ಲು ಬೆಳೆದಿಲ್ಲ.

ಮಂಜೇಶ್ವರಕ್ಕೆ ಬಂದವರು ರಾಷ್ಟ್ರಕವಿ ಗೋವಿಂದ ಪೈಗಳ ಮನೆಯನ್ನು ನೋಡದೆ ಹಿಂದಿರುಗಬಾರದು. 1883ರಲ್ಲಿ ಇಲ್ಲಿ ಹುಟ್ಟಿದ ಪೈಗಳು ತಮ್ಮ ಜೀವನದ ಬಹುಭಾಗವನ್ನು ಈ ಹಳ್ಳಿಯಲ್ಲೇ ಕಳೆದರು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡದ್ದರಿಂದ ಪದವಿ ಪೂರ್ತಿಯಾಗಲಿಲ್ಲ. ಓದು ಮಾತ್ರ ನಿಲ್ಲಲಿಲ್ಲ. ಸಂಸ್ಕೃತ, ಪಾಲಿ, ಬಂಗಾಳಿ, ಪಾರ್ಸಿ, ಗ್ರೀಕ್ ಹೀಗೆ ಹಲವು ಭಾಷೆಗಳನ್ನು ಕಲಿತರು. ಜಪಾನಿನ 'ನೋ' ನಾಟಕಗಳನ್ನು ಕನ್ನಡಕ್ಕೆ ತಂದರು. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು.

ಗೌಡ ಸಾರಸ್ವತ ಮನೆತನದ ಈ ಹಿಂದೂ ಕವಿ ಯೇಸುಸ್ವಾಮಿಯ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನೇ ಬರೆದರು. ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ' ಬರೆದರು. ಸುವಾರ್ತೆಯನ್ನು ಶ್ರದ್ಧೆಯಿಂದ ಓದದವರಿಗೆ ಇಂತಹ ಕಾವ್ಯ ಒಲಿಯುವುದಿಲ್ಲ. ಪೈಗಳು ತೀರಿಕೊಂಡದ್ದು 1963ರಲ್ಲಿ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ನಾವು ಗೌರವಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ನಮ್ಮ ನೆರೆಯವರೊಬ್ಬರು ನಮ್ಮ ಶಿಲುಬೆಯ ಬುಡದಲ್ಲಿ ತಲೆಬಾಗಿ ನಿಂತಿದ್ದರು. ಅವರ ದೇವರಮನೆಯ ದೀಪ ಇದರಿಂದ ಆರಿಹೋಗಲಿಲ್ಲ.

ಕನ್ನಡ ಪದ್ಯದಲ್ಲಿ ಬಹುಕಾಲದಿಂದ ನಡೆದುಬಂದಿದ್ದ ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲಿ ಕೈಬಿಟ್ಟವರೂ ಇವರೇ. ಹಳೆಯ ಶಾಸನಗಳನ್ನೂ ಇತಿಹಾಸವನ್ನೂ ಅಷ್ಟೊಂದು ಪ್ರೀತಿಸಿದ ಸಂಶೋಧಕರೇ ಹೊಸದಕ್ಕೆ ಬಾಗಿಲು ತೆರೆದರು. ಹಳೆಯದನ್ನು ಚೆನ್ನಾಗಿ ಬಲ್ಲವರಿಗೆ ಹೊಸದರ ಭಯವಿರುವುದಿಲ್ಲ.

ಕಯ್ಯಾರ ಕಿಞ್ಞಣ್ಣ ರೈಗಳೂ ಈ ನೆಲದವರೇ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿದರು. 2015ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಅವರ ಆಸೆ ಈಡೇರಲಿಲ್ಲ. ಆದರೆ ಇದೇ ರೈಗಳು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯಗಳನ್ನು ಕನ್ನಡಕ್ಕೆ ಅನುವಾದಿಸಿದರು. ಜಗಳ ಗಡಿಯ ಬಗ್ಗೆ ಇತ್ತು, ಭಾಷೆಯ ಮೇಲೆ ದ್ವೇಷವಿರಲಿಲ್ಲ. ತೆರೆದ ಮನಸ್ಸೆಂದರೆ ತನ್ನ ಹಕ್ಕನ್ನು ಬಿಟ್ಟುಕೊಡುವುದಲ್ಲ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವೆಂಬ ಕಾನೂನು ಬಂದಾಗ ಇಲ್ಲಿಯ ಕನ್ನಡಿಗರು ಪ್ರತಿಭಟಿಸಿದರು. ಅದು ನ್ಯಾಯವೇ. ನ್ಯಾಯ ಕೇಳುವಾಗಲೂ ಪಕ್ಕದ ಮನೆಯ ಮಲಯಾಳಿ ವೈರಿಯಲ್ಲ ಎಂಬುದನ್ನು ರೈಗಳಿಂದ ಕಲಿಯಬೇಕು.

ಗಡಿಗೆರೆ ಎಷ್ಟು ಕಠಿಣವಾಗಬಲ್ಲದೆಂದು 2020ರಲ್ಲಿ ಕಂಡೆವು. ಕೊರೋನಾ ಭಯದಿಂದ ಕರ್ನಾಟಕ ಗಡಿಯನ್ನು ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಚಿಕಿತ್ಸೆಗೆ ತಲೆತಲಾಂತರದಿಂದ ಮಂಗಳೂರನ್ನೇ ನಂಬಿದ ಜನರ ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತವು. ಕೆಲವರು ದಾರಿಯಲ್ಲೇ ಪ್ರಾಣಬಿಟ್ಟರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ರೋಗದ ಭಯ ಸುಳ್ಳಾಗಿರಲಿಲ್ಲ. ಆದರೆ ಭಯ ಹೆಚ್ಚಾದಾಗ ನೆನ್ನೆಯವರೆಗಿನ ನೆರೆಯವನೂ ಪರಕೀಯನಾಗಿ ಕಾಣುತ್ತಾನೆ.

ರಸ್ತೆಯ ಮಣ್ಣನ್ನು ಜೆ.ಸಿ.ಬಿ. ತಂದು ತೆಗೆಯಬಹುದು. ಮನಸ್ಸಿಗೆ ಸುರಿದ ಮಣ್ಣನ್ನು ತೆಗೆಯುವವರು ಯಾರು? ಇಂದು ನಮ್ಮ ಮೊಬೈಲಿಗೆ ದಿನವೂ ಅಂತಹ ಮಣ್ಣು ಬಂದು ಬೀಳುತ್ತದೆ. ಇಂಥ ಜಾತಿಯವರು ಹೀಗೆ, ಇಂಥ ಧರ್ಮದವರು ಹಾಗೆ ಎಂಬ ಸಂದೇಶ ಬಂದೊಡನೆ ನಿಜವೋ ಸುಳ್ಳೋ ನೋಡದೆ ಹತ್ತು ಜನರಿಗೆ ಕಳುಹಿಸುತ್ತೇವೆ. ಯೋಚಿಸಿ ಬದುಕುವುದೆಂದರೆ ಕಳುಹಿಸುವ ಮೊದಲು ಬೆರಳನ್ನು ಒಂದು ಕ್ಷಣ ತಡೆಯುವುದು. ಆ ಧರ್ಮದವರೊಬ್ಬರ ಮುಖವನ್ನು, ನಮಗೆ ಪರಿಚಯವಿರುವ ಮುಖವನ್ನೇ, ನೆನಪಿಸಿಕೊಂಡು ಈ ಮಾತು ಅವರಿಗೆ ಒಪ್ಪುತ್ತದೆಯೇ ಎಂದು ಕೇಳಿಕೊಳ್ಳುವುದು.

ರಜೆಯಲ್ಲಿ ಮಕ್ಕಳನ್ನು ದೂರದ ವಾಟರ್ ಪಾರ್ಕಿಗೆ ಕರೆದೊಯ್ಯುವವರು ಒಂದು ದಿನ ಮಂಜೇಶ್ವರಕ್ಕೂ ಕರೆದುಕೊಂಡು ಬನ್ನಿ. ಕವಿಯ ಮನೆಯನ್ನು ತೋರಿಸಿ. ಬರುವ ತಪಸ್ಸುಕಾಲದಲ್ಲಿ, ಶಿಲುಬೆಹಾದಿಯ ಪ್ರಾರ್ಥನೆ ಮುಗಿದ ಒಂದು ಸಂಜೆ, 'ಗೊಲ್ಗೊಥಾ'ದ ಕೆಲವು ಪುಟಗಳನ್ನು ಮನೆಮಂದಿಯೆಲ್ಲ ಕೂಡಿ ಓದಿ. ಭಾಷೆ ಸ್ವಲ್ಪ ಕಷ್ಟ, ಅಜ್ಜನೋ ಕನ್ನಡ ಪಂಡಿತರೋ ನೆರವಾದಾರು. ನಮ್ಮ ಪ್ರಭುವನ್ನು ನೆರೆಮನೆಯವರು ಇಷ್ಟು ಪ್ರೀತಿಯಿಂದ ಕಂಡಿದ್ದಾರೆಂದು ತಿಳಿದ ಮಗು, ನೆರೆಮನೆಯವರ ದೇವರ ಬಗ್ಗೆ ಹಗುರವಾಗಿ ಮಾತಾಡಲಾರದು.